ವೈರಿಗೆ ಎರಡೇ ತುದಿ



ಈ ಪುಟದಲ್ಲಿ ನಾನು ಯಾವಾಗಲೂ ಬೇಳೆ, ಬೆಲ್ಲ, ಹಪ್ಪಳ, ಸಂಡಿಗೆಗಳ ಮಾತಾಡುವವಳು. ಈ ಸಲ ಟಿ.ವಿ.ಯ ಹಿಂದಿನ ವೈರುಗಳ ಮಾತು ತೆಗೆದಿದ್ದೇನೆ. ನಗಬೇಕೆನಿಸಿದರೆ ನಗಿ, ಆದರೆ ಪೂರ್ತಿ ಓದಿ. ಯಾಕಂದರೆ ಆ ವೈರುಗಳ ದೆಸೆಯಿಂದ ನಮ್ಮ ಮನೆಯಲ್ಲಿ ಹನ್ನೆರಡು ದಿನ ಒಂದು ಹಿರಿಯ ಜೀವ ಒಳಗೊಳಗೇ ನೊಂದುಕೊಂಡಿತು. ಅದೇ ಮನೆಯಲ್ಲಿದ್ದ ನನಗೆ ಅದು ಗೊತ್ತೇ ಆಗಲಿಲ್ಲ.

ನಮ್ಮದು ಬಸವಕಲ್ಯಾಣ. ನಮ್ಮವರಿಗೆ ಆಟೋನಗರದಲ್ಲಿ ಲಾರಿ ಬಿಡಿಭಾಗಗಳ ಅಂಗಡಿ. ಮಗ ಹೈದರಾಬಾದಿನಲ್ಲಿ ನೌಕರಿಯಲ್ಲಿದ್ದಾನೆ. ಶನಿವಾರ ರಾತ್ರಿ ಬಸ್ಸಿಗೆ ಬಂದು ಸೋಮವಾರ ನಸುಕಿಗೆ ಹೊರಟುಬಿಡುತ್ತಾನೆ. ಹೋದ ದೀಪಾವಳಿಗೆ ಬಂದವನು ಎರಡು ದೊಡ್ಡ ಡಬ್ಬಿ ಹೊತ್ತು ತಂದ. ಒಂದರಲ್ಲಿ ಆಟದ ಯಂತ್ರ, ಪ್ಲೇಸ್ಟೇಷನ್ 5. ಇನ್ನೊಂದರಲ್ಲಿ ಹೋಮ್ ಥಿಯೇಟರ್ ರಿಸೀವರ್. ಇದು ಹೊಸದಲ್ಲ. ಅವನ ಗೆಳೆಯನೊಬ್ಬ ಪರದೇಶಕ್ಕೆ ಹೋಗುವಾಗ ಅರ್ಧ ಬೆಲೆಗೆ ಕೊಟ್ಟದ್ದು. ಅದರ ಜೊತೆಗೆ ಐದು ಸ್ಪೀಕರು, ಗುಡುಗಿನಂಥ ದನಿ ಹೊರಡಿಸುವ ಒಂದು ವೂಫರ್.

ಭಾನುವಾರ ಪೂರ್ತಿ ನೆಲದ ಮೇಲೆ ಅಂಗಾತ ಮಲಗಿ ವೈರು ಜೋಡಿಸಿದ. ಸಂಜೆಗೆ ಹೊಡೆದಾಟದ ಸಿನಿಮಾ ಹಾಕಿದರೆ ಅಡುಗೆಮನೆಯ ತಾಟುಗಳೆಲ್ಲ ನಡುಗಿದವು. ನಮ್ಮವರು ಖುಷಿಯಾದರು. ಹೊರಡುವಾಗ ಮಗ ಹೇಳಿದ ಮಾತು ಇಷ್ಟೇ: "ಮಮ್ಮಿ, ಎಲ್ಲಾ ಹಚ್ಚೀನಿ. ಈಗ ಯಾರೂ ಹಿಂದ ಕೈ ಹಚ್ಚಬ್ಯಾಡ್ರಿ. ಆಯಿ, ನೀನೂ ಹಚ್ಚಬ್ಯಾಡ."

"ನಾ ಯಾಕ ಹಚ್ಚಲೆಪ್ಪಾ" ಅಂದರು ನಮ್ಮ ಅತ್ತಿ.

ಅತ್ತಿಗೆ ಎಪ್ಪತ್ನಾಲ್ಕು. ಸಂಜೆ ದೀಪ ಹಚ್ಚಿದ ಮೇಲೆ ಅವರದೊಂದು ಹೊತ್ತು. ಒಂದು ಧಾರಾವಾಹಿ, ಒಂದು ವಚನದ ಕಾರ್ಯಕ್ರಮ, ಅಷ್ಟೇ. ಆ ಹೊತ್ತಿಗೆ ನಾನು ರೊಟ್ಟಿ ಬಡಿಯುತ್ತಿರುತ್ತೇನೆ. ನನಗೆ ಟಿ.ವಿ. ಹುಚ್ಚು ಮೊದಲಿನಿಂದಲೂ ಕಡಿಮೆ. ನಮ್ಮವರು ಅಂಗಡಿ ಮುಚ್ಚಿ ಬರುವುದೇ ಒಂಬತ್ತಕ್ಕೆ; ಸುದ್ದಿಯನ್ನು ಮೊಬೈಲಿನಲ್ಲೇ ನೋಡಿ ಮುಗಿಸುತ್ತಾರೆ. ದೀಪಾವಳಿ ಕಳೆದ ಮೇಲೆ ಅತ್ತಿ ಸಂಜೆಯಾದರೆ ಪಕ್ಕದ ಮನೆಗೆ ಹೋಗತೊಡಗಿದರು. ಮಾತಿಗೆ ಜೊತೆ ಸಿಕ್ಕಿರಬೇಕು ಅಂದುಕೊಂಡೆ. ಹನ್ನೆರಡನೆಯ ದಿನ ಕರೆಂಟ್ ಹೋದಾಗ ಕತ್ತಲಲ್ಲಿ ಆ ಮನೆಯ ಮೆಟ್ಟಿಲು ಇಳಿಯುತ್ತ ಕಾಲು ಹೊರಳಿಸಿಕೊಂಡು ಬಂದರು. ಹಿಮ್ಮಡಿ ಊದಿಕೊಂಡಿತು. ಅರಿಸಿನದ ಪಟ್ಟು ಹಾಕುತ್ತ ನಾನು ಸ್ವಲ್ಪ ಬಿರುಸಾಗಿಯೇ ಕೇಳಿದೆ, "ಅತ್ತಿ, ಮನ್ಯಾಗ ಇಷ್ಟು ದೊಡ್ಡ ಟಿ.ವಿ. ಇಟ್ಕೊಂಡು ಅಲ್ಲಿಗ್ಯಾಕ ಹೋಗ್ತೀರಿ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಅದು ಕೆಟ್ಟಾದವ್ವಾ. ನನ್ನ ಕೈಲೇ ಆತೋ ಏನೋ. ನಾ ಬರೇ ಕೆಂಪು ಗುಂಡಿ ಒತ್ತೀನಿ. ನೀಲಿ ಆಗಿ ನಿಂತುಬಿಡ್ತು. ಎಷ್ಟು ರೊಕ್ಕದ್ದೋ ಏನೋ ಅಂತ ಅಂಜಿ ಹೇಳಲಿಲ್ಲ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಮಗ ಶನಿವಾರ ಬಂದಾಗ ಟಿ.ವಿ. ನಡೆಯುತ್ತಿತ್ತು. ಅವನು ಇದ್ದಾಗ ನಡೆಯುವ ವಸ್ತು ಇವರು ಮುಟ್ಟಿದರೆ ನಿಲ್ಲುತ್ತದೆ. ತನ್ನದೇ ತಪ್ಪೆಂದು ಆ ಜೀವ ತೀರ್ಮಾನಿಸಿಬಿಟ್ಟಿತ್ತು.

ಅವರ ಮಟ್ಟಿಗೆ ಇದು ಸಹಜವೇ. ಕರ್ನಾಟಕದಲ್ಲಿ ದೂರದರ್ಶನ ಕೇಂದ್ರ ಮೊದಲು ಆದದ್ದು ಬೆಂಗಳೂರಿನಲ್ಲಲ್ಲ, 1977ರಲ್ಲಿ ನಮ್ಮ ಕಲಬುರಗಿಯಲ್ಲಿ. ಬೆಂಗಳೂರಿನದು 1981ಕ್ಕೆ. 1987ರಲ್ಲಿ ರಾಮಾಯಣ ಧಾರಾವಾಹಿ ಶುರುವಾದಾಗ ಅತ್ತಿಯ ಓಣಿಯಲ್ಲಿ ಇದ್ದದ್ದು ಒಂದೇ ಟಿ.ವಿ. ಅದಕ್ಕೆ ಎರಡೇ ವೈರು. ಒಂದು ಕರೆಂಟಿನದು, ಒಂದು ಮಾಳಿಗೆಯ ಮೇಲಿನ ಆಂಟೆನಾದ್ದು. ಚಿತ್ರ ಕೆಟ್ಟರೆ ಒಬ್ಬರು ಮೇಲೆ ಹತ್ತಿ ಆಂಟೆನಾ ತಿರುವಬೇಕು, ಕೆಳಗಿನವರು "ಬಂತು, ಬಂತು" ಎಂದು ಕೂಗಬೇಕು. ಎಲ್ಲರಿಗೂ ತಿಳಿಯುವಂಥ ವಿದ್ಯೆ ಅದು. ಈಗ ನಮ್ಮ ಮೇಜಿನ ಹಿಂದೆ ಎಣಿಸಿದರೆ ಹದಿನಾಲ್ಕು ವೈರು!

ಆ ರಾತ್ರಿಯೇ ನಿಶ್ಚಯ ಮಾಡಿದೆ, ಇದನ್ನು ನಾನು ತಿಳಿಯಲೇಬೇಕು ಅಂತ. ನಾನು ಓದಿದ್ದು ಹೈಸ್ಕೂಲಿನವರೆಗೆ. ಆದರೆ ಮಿಕ್ಸರಿನ ಬ್ಲೇಡು ಬದಲಿಸಲು, ಸಿಲಿಂಡರಿನ ವಾಷರ್ ನೋಡಲು, ನಲ್ಲಿ ಸೋರಿದರೆ ನೂಲು ಸುತ್ತಲು ನಮಗೆ ಯಾರು ಕಲಿಸಿದರು ಹೇಳಿ?

ಮರುದಿನ ಮಧ್ಯಾಹ್ನ ಎಲ್ಲ ಪ್ಲಗ್ಗು ತೆಗೆದು, ಮೇಜು ಮುಂದಕ್ಕೆ ಎಳೆದು, ಟಾರ್ಚು, ಹಳೆಯ ನೋಟ್‌ಬುಕ್ಕು, ಗಾಯಕ್ಕೆ ಸುತ್ತುವ ಬಿಳಿಯ ಅಂಟುಪಟ್ಟಿ, ಬಾಲ್‌ಪೆನ್ನು ಹಿಡಿದು ಕೂತೆ. ಅರ್ಧ ಗಂಟೆಯಲ್ಲಿ ಒಂದು ಸಂಗತಿ ಹೊಳೆಯಿತು. ವೈರು ಎಷ್ಟೇ ಇರಲಿ, ಒಂದೊಂದು ವೈರಿಗೆ ಇರುವುದು ಎರಡೇ ತುದಿ. ಒಂದು ತುದಿ ಎಲ್ಲಿಂದ ಹೊರಡುತ್ತದೆ, ಇನ್ನೊಂದು ಎಲ್ಲಿಗೆ ಸೇರುತ್ತದೆ, ಇಷ್ಟು ಬರೆದುಕೊಂಡರೆ ಅರ್ಧ ವಿದ್ಯೆ ಬಂದಂತೆ. ಡಬ್ಬಿಗಳ ಹಿಂದೆ ಪ್ರತಿ ತೂತಿನ ಮೇಲೆ 'ಇನ್' ಅಂತಲೋ 'ಔಟ್' ಅಂತಲೋ ಅಚ್ಚಾಗಿರುತ್ತದೆ. 'ಔಟ್'ನಿಂದ ಹೊರಟದ್ದು 'ಇನ್'ಗೇ ಸೇರಬೇಕು. ಟ್ಯಾಂಕಿನಿಂದ ಬಂದ ನೀರು ನಲ್ಲಿಗೆ ಹೋದ ಹಾಗೆ.

ಈಗ ರಿಸೀವರ್ ಅಂದರೆ ಏನು ಅಂತ ಹೇಳುತ್ತೇನೆ. ನಮ್ಮ ಕಡೆಯವರಿಗೆ ಹುಮನಾಬಾದ ಬಸ್‌ಸ್ಟ್ಯಾಂಡಿನ ಹೋಲಿಕೆ ಸಾಕು. ಬೀದರಿನಿಂದ, ಕಲಬುರಗಿಯಿಂದ, ಹೈದರಾಬಾದಿನಿಂದ, ಸೋಲಾಪುರದಿಂದ ಬಸ್ಸು ಅಲ್ಲಿಗೆ ಬರುತ್ತವೆ. ಅಲ್ಲಿಂದ ಮುಂದೆ ಹೋಗುತ್ತವೆ. ಹಾಗೆಯೇ ಸೆಟ್‌ಟಾಪ್ ಬಾಕ್ಸು, ಆಟದ ಯಂತ್ರ, ಡಿವಿಡಿ ಎಲ್ಲದರ ವೈರು ರಿಸೀವರಿನ 'ಇನ್' ತೂತುಗಳಿಗೆ ಬಂದು ಸೇರುತ್ತವೆ. ಅದು ದನಿಯನ್ನು ತಾನು ತೆಗೆದುಕೊಂಡು ಸ್ಪೀಕರುಗಳಿಗೆ ಹಂಚುತ್ತದೆ, ಚಿತ್ರವನ್ನು 'ಔಟ್' ತೂತಿನಿಂದ ಟಿ.ವಿ.ಗೆ ಕಳಿಸುತ್ತದೆ. ಆದರೆ ಒಂದು ಸಲಕ್ಕೆ ಒಂದೇ ಬಸ್ಸಿಗೆ ದಾರಿ. ಯಾವುದಕ್ಕೆ ಅಂತ ರಿಸೀವರಿನ ರಿಮೋಟಿನಲ್ಲಿ ನಾವು ಆರಿಸಬೇಕು.

ಅತ್ತಿಯ ಸಂಕಟಕ್ಕೆ ಕಾರಣ ಇಲ್ಲೇ ಇತ್ತು. ಮಗ ಸೆಟ್‌ಟಾಪ್ ಬಾಕ್ಸನ್ನೂ ರಿಸೀವರಿಗೇ ಸೇರಿಸಿದ್ದ. ಸೋಮವಾರ ಹೋಗುವಾಗ ರಿಸೀವರ್ ಆರಿಸಿ ಹೋದ. ಅತ್ತಿ ಟಿ.ವಿ. ಹಾಕಿದರು, ಸೆಟ್‌ಟಾಪ್ ಬಾಕ್ಸೂ ಹಾಕಿದರು. ಆದರೆ ನಡುವಿನ ಬಸ್‌ಸ್ಟ್ಯಾಂಡಿಗೆ ಬೀಗ! ಚಿತ್ರ ಬರುವುದಾದರೂ ಹೇಗೆ? ಅದಕ್ಕೇ ನೀಲಿ ಪರದೆ, 'ನೋ ಸಿಗ್ನಲ್' ಎಂಬ ಅಕ್ಷರ. ಯಾವುದೂ ಕೆಟ್ಟಿರಲಿಲ್ಲ. ಅತ್ತಿಯ ಬೆರಳಿನಿಂದ ಒಂದು ಕೂದಲಿನಷ್ಟೂ ತಪ್ಪಾಗಿರಲಿಲ್ಲ.

ರಾತ್ರಿ ಮಗನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವನೂ ಪಾಪ, ಬಹಳ ನೊಂದುಕೊಂಡ. "ಆಯಿಗೆ ಫೋನ್ ಕೊಡು ಮಮ್ಮಿ" ಅಂದ. ಅವರಿಬ್ಬರೂ ಮಾತಾಡಿದ ಮೇಲೆ ನನಗೆ ಎರಡು ಉಪಾಯ ಹೇಳಿದ. ನಿಮ್ಮ ಮನೆಯಲ್ಲೂ ಇದೇ ತೊಂದರೆ ಇದ್ದರೆ ಎರಡರಲ್ಲಿ ಒಂದು ಆಗುತ್ತದೆ.

ಮೊದಲನೆಯದು: ರಿಸೀವರಿನ ಮೆನುವಿನಲ್ಲಿ 'ಪಾಸ್ ಥ್ರೂ' ಅಥವಾ 'ಸ್ಟ್ಯಾಂಡ್‌ಬೈ ಥ್ರೂ' ಎಂಬ ಒಂದು ಸಾಲು ಇರುತ್ತದೆ. ಅದನ್ನು 'ಆನ್' ಮಾಡಿದರೆ ರಿಸೀವರ್ ಆರಿದ್ದರೂ ಚಿತ್ರ, ದನಿ ಎರಡೂ ಅದರ ಮೂಲಕ ಟಿ.ವಿ.ಗೆ ದಾಟುತ್ತವೆ. ಊರಿನೊಳಗೆ ಬಾರದೆ ಬೈಪಾಸಿನಲ್ಲಿ ಹೋದಂತೆ. ಇದರಿಂದ ಆರಿಸಿಟ್ಟಾಗಲೂ ಸ್ವಲ್ಪ ಹೆಚ್ಚು ಕರೆಂಟು ಎಳೆಯುತ್ತದೆ. ಗೋಡೆಯ ಸ್ವಿಚ್ಚನ್ನೇ ಆರಿಸುವ ಅಭ್ಯಾಸವಿದ್ದರೆ ಇದು ಕೆಲಸ ಮಾಡದು. ನನಗೆ ಮಲಗುವ ಮುಂಚೆ ಎಲ್ಲ ಸ್ವಿಚ್ಚು ಆರಿಸುವ ಚಾಳಿ.

ಎರಡನೆಯದು: ಸೆಟ್‌ಟಾಪ್ ಬಾಕ್ಸಿನ ವೈರನ್ನು ರಿಸೀವರಿನಿಂದ ಬಿಡಿಸಿ ನೇರವಾಗಿ ಟಿ.ವಿ.ಗೇ ಸೇರಿಸಿಬಿಡುವುದು. ಆಗ ರಿಸೀವರ್ ಇರಲಿ ಬಿಡಲಿ, ಹಳೆಯ ಕಾಲದಂತೆ ಟಿ.ವಿ. ಹಾಕಿದರೆ ಚಿತ್ರ, ಟಿ.ವಿ.ಯ ಸ್ವಂತ ದನಿ.

ನಾನು ಎರಡನೆಯದನ್ನೇ ಮಾಡಿದೆ. ಹಾಗಾದರೆ ಎಂದಾದರೂ ಸೆಟ್‌ಟಾಪ್ ಬಾಕ್ಸಿನ ದನಿ ದೊಡ್ಡ ಸ್ಪೀಕರಿನಲ್ಲಿ ಬೇಕೆಂದರೆ? ಅದಕ್ಕೂ ದಾರಿ ಇದೆ. ಚಿತ್ರ, ದನಿ ಎರಡನ್ನೂ ಒಯ್ಯುವ ಚಪ್ಪಟೆ ಮೂತಿಯ ವೈರಿಗೆ ಎಚ್‌ಡಿಎಂಐ ಅನ್ನುತ್ತಾರಲ್ಲ, 2009ರ ನಂತರದ ಟಿ.ವಿ., ರಿಸೀವರುಗಳಲ್ಲಿ ಅದಕ್ಕೆ ಇನ್ನೊಂದು ಗುಣ ಸೇರಿತು. ರಿಸೀವರಿನಿಂದ ಟಿ.ವಿ.ಗೆ ಚಿತ್ರ ಒಯ್ದ ವೈರೇ ಟಿ.ವಿ.ಯ ದನಿಯನ್ನು ರಿಸೀವರಿಗೆ ಮರಳಿ ತರುತ್ತದೆ. ಹೋದ ರಸ್ತೆಯಲ್ಲೇ ಮರಳುವ ಬಸ್ಸಿನಂತೆ. ಇದಕ್ಕೆ ಎಆರ್‌ಸಿ ಎಂದು ಹೆಸರು. 2017ರಲ್ಲಿ ಇದರ ಇನ್ನೂ ಸುಧಾರಿಸಿದ ಬಗೆ ಬಂತು, ಇ-ಎಆರ್‌ಸಿ. ಆದರೆ ಟಿ.ವಿ.ಯ ಎಲ್ಲ ತೂತಿಗೂ ಈ ಗುಣ ಇರುವುದಿಲ್ಲ. ಸಾಮಾನ್ಯವಾಗಿ ಒಂದಕ್ಕೆ ಮಾತ್ರ. ಅದರ ಪಕ್ಕದಲ್ಲಿ ಆ ಅಕ್ಷರಗಳು ಅಚ್ಚಾಗಿರುತ್ತವೆ. ಕನ್ನಡಕ ಹಾಕಿಕೊಂಡು ಹುಡುಕಿ.

ಈ ಮಾತು ಎಷ್ಟು ನಿಜ ಎಂಬುದು ಹುಮನಾಬಾದಿನಲ್ಲಿ ಗೊತ್ತಾಯಿತು. ಅದು ನನ್ನ ತವರು. ದತ್ತ ಜಯಂತಿಗೆಂದು ಹೋಗಿದ್ದೆ. ಊರ ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಂಸ್ಥಾನದ ಉತ್ಸವ, ಸಂಗೀತ ಎಂದರೆ ನಮಗೆ ಮಕ್ಕಳಿದ್ದಾಗಿನಿಂದ ಹಬ್ಬ. ಅಣ್ಣನ ಮನೆಯಲ್ಲೂ ಹೊಸ ಟಿ.ವಿ., ಹೋಮ್ ಥಿಯೇಟರ್ ಬಂದು ಕೂತಿದ್ದವು. ಅಣ್ಣನ ಮಗನಿಗೆ ಪ್ಲೇಸ್ಟೇಷನ್ 4. ಎಲ್ಲ ಇತ್ತು, ದನಿ ಮಾತ್ರ ಟಿ.ವಿ.ಯದೇ! ಐದು ಸ್ಪೀಕರು ಗೋಡೆಗೆ ಮೊಳೆ ಹೊಡೆದ ಫೋಟೋದ ಹಾಗೆ ಸುಮ್ಮನೆ ಕೂತಿದ್ದವು. ಜೋಡಿಸಿಕೊಟ್ಟ ಅಂಗಡಿಯ ಹುಡುಗ ಎರಡು ಸಲ ಬರುತ್ತೇನೆಂದವನು ಬಂದೇ ಇರಲಿಲ್ಲವಂತೆ. ವೈನಿ, "ರೊಕ್ಕ ನೀರಿಗೆ ಹಾಕಿದಂಗ ಆತು ನೋಡ್ರಿ" ಎಂದು ನಿಟ್ಟುಸಿರು ಬಿಟ್ಟರು.

"ಒಂದು ಟಾರ್ಚ್ ಕೊಡ್ರಿ ವೈನಿ" ಅಂದೆ.

"ಅತ್ಯಾ, ನೀವು ನೋಡ್ತೀರಾ?" ಎಂದು ಹುಡುಗ ಕಣ್ಣರಳಿಸಿದ.

ಅಲ್ಲಿ ಬೇರೆ ವಿನ್ಯಾಸ. ಆಟದ ಯಂತ್ರ, ಸೆಟ್‌ಟಾಪ್ ಬಾಕ್ಸ್ ಎರಡೂ ನೇರ ಟಿ.ವಿ.ಗೆ ಸೇರಿದ್ದವು. ಅಂದರೆ ಅಲ್ಲಿ ಬಸ್‌ಸ್ಟ್ಯಾಂಡು ಟಿ.ವಿ.ಯೇ. ಇದೂ ಸರಿಯಾದ ಪದ್ಧತಿಯೇ. ರಿಸೀವರಿನ 'ಔಟ್'ನಿಂದ ಒಂದು ವೈರು ಟಿ.ವಿ.ಗೆ ಹೋಗಿತ್ತು. ತುದಿ ಹಿಡಿದು ನೋಡಿದರೆ ಅದು ಎರಡನೆಯ ತೂತಿಗೆ ಸಿಕ್ಕಿಸಿತ್ತು. ಎಆರ್‌ಸಿ ಎಂದು ಬರೆದದ್ದು ಮೂರನೆಯದಕ್ಕೆ! ಅಲ್ಲಿದ್ದ ಸೆಟ್‌ಟಾಪ್ ಬಾಕ್ಸಿನ ವೈರನ್ನು ಎರಡಕ್ಕೆ, ಇದನ್ನು ಮೂರಕ್ಕೆ ಅದಲುಬದಲು ಮಾಡಿದೆ. ಆಮೇಲೆ ಟಿ.ವಿ.ಯ ಸೆಟ್ಟಿಂಗಿನಲ್ಲಿ ಎರಡು ಕೆಲಸ. ದನಿಯ ಪುಟದಲ್ಲಿ 'ಟಿವಿ ಸ್ಪೀಕರ್' ಎಂದಿದ್ದುದನ್ನು ರಿಸೀವರಿಗೆ ಬದಲಿಸಿದೆ. ಇನ್ನೊಂದು, ಡಬ್ಬಿಗಳು ಒಂದರೊಡನೊಂದು ಮಾತಾಡುವುದಕ್ಕೆ ಸಿಇಸಿ ಎಂಬ ಏರ್ಪಾಡಿದೆ, ಅದನ್ನು 'ಆನ್' ಮಾಡಿದೆ. ಇದನ್ನು ಒಂದೊಂದು ಕಂಪನಿಯವರು ಒಂದೊಂದು ಹೆಸರಿನಿಂದ ಕರೆಯುತ್ತಾರೆ. ಸ್ಯಾಮ್ಸಂಗಿನವರು ಎನಿನೆಟ್ ಪ್ಲಸ್, ಎಲ್‌ಜಿಯವರು ಸಿಂಪ್ಲಿಂಕ್, ಸೋನಿಯವರು ಬ್ರಾವಿಯಾ ಸಿಂಕ್. ಒಂದೇ ಸೊಪ್ಪಿಗೆ ಊರೂರಿಗೆ ಬೇರೆ ಹೆಸರಿದ್ದ ಹಾಗೆ.

ದನಿ ಬಂತು. ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆದರೆ ಅಣ್ಣನ ಮಗನಿಗೆ ಸಮಾಧಾನವಿಲ್ಲ. ಆಟ ಆಡುವಾಗ ಮುಂದಿನ ಎರಡು ಸ್ಪೀಕರಿನಲ್ಲಷ್ಟೇ ದನಿ, ಹಿಂದಿನವು ಮೌನ. ಇದರ ಕಾರಣವನ್ನೂ ಮಗನಿಂದ ಕೇಳಿ ಬರೆದುಕೊಂಡಿದ್ದೆ. ಸಾದಾ ಎಆರ್‌ಸಿ ಓಣಿಯ ರಸ್ತೆಯಷ್ಟು ಕಿರಿದು. ಪಿಸಿಎಂ ಎಂಬ ಬಿಚ್ಚಿದ ರೂಪದ ದನಿಯಾದರೆ ಎರಡು ಸ್ಪೀಕರಿನದು ಮಾತ್ರ ಅದರಲ್ಲಿ ಹೋಗುತ್ತದೆ. ಡಾಲ್ಬಿ ಎಂಬ ಮಡಚಿ ಕಟ್ಟಿದ ರೂಪದಲ್ಲಿ ಕಳಿಸಿದರೆ ಐದೂ ಸ್ಪೀಕರಿನದು, ವೂಫರಿನದು ಸೇರಿ ಹೋಗುತ್ತದೆ. ಇದನ್ನೇ 5.1 ಅನ್ನುವುದು. ಹಾಸಿಗೆ, ದುಪ್ಪಡಿ ಮಡಚಿ ಗಂಟು ಕಟ್ಟಿದರೆ ಸಣ್ಣ ಬಾಗಿಲಲ್ಲೂ ಹೋಗುತ್ತದಲ್ಲ, ಹಾಗೆ. ಆಟದ ಯಂತ್ರದ ದನಿಯ ಸೆಟ್ಟಿಂಗಿನಲ್ಲಿ 'ಬಿಟ್‌ಸ್ಟ್ರೀಮ್ ಡಾಲ್ಬಿ' ಎಂದು ಆರಿಸಿದೆ. ಟಿ.ವಿ.ಯಲ್ಲೂ ದನಿಯನ್ನು ಬದಲಿಸದೆ ಹಾಗೇ ದಾಟಿಸು ಎನ್ನುವ 'ಪಾಸ್ ಥ್ರೂ' ಆರಿಸಿದೆ. ಹಿಂದಿನಿಂದ ಕುದುರೆಯ ಖುರದ ಸದ್ದು ಬಂದಾಗ ಹುಡುಗ ಕೂತಲ್ಲೇ ತಿರುಗಿ ನೋಡಿದ! ಇ-ಎಆರ್‌ಸಿ ಇದ್ದವರಿಗೆ ಈ ತಾಪತ್ರಯವಿಲ್ಲ. ಅದರ ರಸ್ತೆ ಅಗಲ.

ಅಂದಿನ ಇನ್ನೊಂದು ಸಂಗತಿ ಹೇಳದೆ ಇರಲಾರೆ. ನಮ್ಮ ಅಪ್ಪ ಇದ್ದಾಗ ಮಾಣಿಕನಗರದ ಭಜನೆಯನ್ನು ಟೇಪ್‌ರೆಕಾರ್ಡರಿನಲ್ಲಿ ತುಂಬಿಕೊಂಡು ಬರುತ್ತಿದ್ದರು. ಆ ಕ್ಯಾಸೆಟ್ಟುಗಳು ಟ್ರಂಕಿನಲ್ಲಿದ್ದವು. ಟೇಪ್‌ರೆಕಾರ್ಡರ್ ತಿರುಗುತ್ತಿತ್ತು, ಆದರೆ ಅದರ ಸ್ಪೀಕರ್ ಹರಿದು ವರ್ಷಗಳಾಗಿದ್ದವು. ರಿಸೀವರಿನ ಹಿಂದೆ ಕೆಂಪು, ಬಿಳಿ ಬಣ್ಣದ ಎರಡು ದುಂಡು ತೂತು, 'ಆಕ್ಸ್ ಇನ್' ಎಂದು ಬರೆದದ್ದು ಕಂಡಿತು. ಟೇಪ್‌ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಅಲ್ಲಿಗೆ ಒಂದು ವೈರು ಸಾಕು. ಒಂದು ಕಡೆ ಸಣ್ಣ ಪಿನ್ನು, ಇನ್ನೊಂದು ಕಡೆ ಕೆಂಪು ಬಿಳಿ ಎರಡು ಮೂತಿ. ಪೇಟೆಯಲ್ಲಿ ಸುಲಭವಾಗಿ ಸಿಗುತ್ತದೆ, ಬೆಲೆಯೂ ಕಡಿಮೆ. ಎರಡೂ ಕಡೆ ದನಿ ಪೂರ್ತಿ ಇಳಿಸಿ, ರಿಸೀವರಿನಲ್ಲಿ 'ಆಕ್ಸ್' ಆರಿಸಿ, ಆಮೇಲೆ ನಿಧಾನವಾಗಿ ಏರಿಸಿದೆ. ಇದಕ್ಕೆ ಟಿ.ವಿ. ಹಾಕುವುದೇ ಬೇಡ. ಮೊದಲು ಬರೀ ಸುಯ್ಯೆಂಬ ಸದ್ದು. ಆಮೇಲೆ ತಾಳ, ತಬಲಾ. ನಡುವೆ ಅಪ್ಪ ಯಾರಿಗೋ "ಸರದು ಕೂಡ್ರೋ" ಅಂದದ್ದು. ಅಣ್ಣ ಕುರ್ಚಿ ಬಿಟ್ಟು ನೆಲಕ್ಕೆ ಬಂದು ಕೂತ. ಆ ರಾತ್ರಿ ಆಟವೂ ಇಲ್ಲ, ಸಿನಿಮಾವೂ ಇಲ್ಲ. ಕ್ಯಾಸೆಟ್ಟಿನ ಎರಡೂ ಬದಿ ಮುಗಿದ ಮೇಲೆಯೇ ಊಟಕ್ಕೆ ಎದ್ದೆವು.

ಇನ್ನು ಆಟದ ಯಂತ್ರ ಕೊಡಿಸಿರಿ ಎಂದು ಮಕ್ಕಳು ಗಂಟುಬಿದ್ದಿರುವ ತಾಯಂದಿರಿಗೆ ಎರಡು ಮಾತು. ಪ್ಲೇಸ್ಟೇಷನ್ 5 ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ. ಇದು ಸೆಕೆಂಡಿಗೆ 120 ಚಿತ್ರದವರೆಗೆ ಕಳಿಸಬಲ್ಲದು. ಆದರೆ 4ಕೆ ಚಿತ್ರದಲ್ಲಿ ಆ ವೇಗ ತಡೆಯುವುದಕ್ಕೆ ಟಿ.ವಿ., ವೈರು, ನಡುವಿನ ರಿಸೀವರ್ ಮೂರೂ ಹೊಸ ತಲೆಮಾರಿನವು, ಅಂದರೆ ಎಚ್‌ಡಿಎಂಐ 2.1ರವು ಇರಬೇಕು. ನಮ್ಮ ರಿಸೀವರ್ ಅದಕ್ಕಿಂತ ಹಿಂದಿನದು, ನಮ್ಮ ಟಿ.ವಿ.ಯೂ ಸೆಕೆಂಡಿಗೆ 60 ಚಿತ್ರದ್ದು. ಹೀಗಾಗಿ ಯಂತ್ರವನ್ನು ರಿಸೀವರಿಗೇ ಸೇರಿಸಿದರೂ ನಮಗೆ ನಷ್ಟವಿಲ್ಲ. ನಿಮ್ಮ ಟಿ.ವಿ. ಮಾತ್ರ 120ರದ್ದಾಗಿ ರಿಸೀವರ್ ಹಳೆಯದಾಗಿದ್ದರೆ, ಯಂತ್ರವನ್ನು ನೇರ ಟಿ.ವಿ.ಗೆ ಕೊಟ್ಟು ದನಿಯನ್ನು ಎಆರ್‌ಸಿಯಿಂದ ತರಿಸಿಕೊಳ್ಳಿ. ಅದಕ್ಕೆಂದು ಹೊಸ ರಿಸೀವರ್ ಕೊಳ್ಳಬೇಕಿಲ್ಲ. ಮಗ "ಬೇಕೇ ಬೇಕು" ಎಂದರೆ ಮೊದಲು ಟಿ.ವಿ.ಯ ಪುಸ್ತಕ ತೆಗೆದು ತೋರಿಸು ಅನ್ನಿ.

ವೈರಿನ ವಿಷಯದಲ್ಲೂ ಅಷ್ಟೇ. ಡಬ್ಬಿಯ ಮೇಲೆ 'ಹೈ ಸ್ಪೀಡ್', 'ಪ್ರೀಮಿಯಂ ಹೈ ಸ್ಪೀಡ್', 'ಅಲ್ಟ್ರಾ ಹೈ ಸ್ಪೀಡ್' ಎಂದು ಮೂರು ದರ್ಜೆ ಇರುತ್ತವೆ. ಸೆಟ್‌ಟಾಪ್ ಬಾಕ್ಸಿಗೆ ಮೊದಲನೆಯದು ಧಾರಾಳವಾಯಿತು. 60 ಚಿತ್ರದ 4ಕೆ ಟಿ.ವಿ.ಗೆ ಎರಡನೆಯದು. 120ರವರಿಗೆ ಮಾತ್ರ ಮೂರನೆಯದು. ಪ್ಲೇಸ್ಟೇಷನ್ 5ರ ಡಬ್ಬಿಯಲ್ಲೇ ಅದಕ್ಕೆ ತಕ್ಕ ವೈರು ಬರುತ್ತದೆ. ಬಂಗಾರದ ಮೂತಿ, ಜರಿಯ ಹೊದಿಕೆ ಎಂದು ಅಂಗಡಿಯವರು ಹೆಚ್ಚಿನ ಬೆಲೆ ಹೇಳಿದರೆ ಬೆರಗಾಗಬೇಡಿ. ಸೀರೆಯ ಜರಿ ನೋಡುವ ನಮಗೆ ಇದು ಗೊತ್ತಾಗದೆ ಹೋದೀತೇ?

ಇನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡ ಕೆಲವು ಎಚ್ಚರಿಕೆಗಳು. ಕತ್ತರಿಸಿ ಇಟ್ಟುಕೊಂಡರೆ ಉಪಯೋಗಕ್ಕೆ ಬರುತ್ತವೆ.

* ಸ್ಪೀಕರಿನ ವೈರು ಮುಟ್ಟುವ ಮುಂಚೆ ರಿಸೀವರಿನ ಪ್ಲಗ್ಗನ್ನೇ ಗೋಡೆಯಿಂದ ತೆಗೆಯಿರಿ. ಬಿಚ್ಚಿದ ತಾಮ್ರದ ಎಳೆಗಳು ಒಂದಕ್ಕೊಂದು ತಾಗಿದರೆ ರಿಸೀವರ್ ಸುಟ್ಟೀತು. ಎಳೆಗಳನ್ನು ಬತ್ತಿ ಹೊಸೆದಂತೆ ಹೊಸೆದು ಸಿಕ್ಕಿಸಿ.

* ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಸ್ಪೀಕರಿಗೆ ತಿರುವುಮುರುವಾದರೂ ದನಿ ಬರುತ್ತದೆ, ಆದರೆ ದಪ್ಪ ದನಿ ಸೊರಗುತ್ತದೆ. ಉಪ್ಪಿಲ್ಲದ ಸಾರಿನ ಹಾಗೆ.

* ರಿಸೀವರಿನ ಮೇಲೆ ಕಸೂತಿ ಬಟ್ಟೆ ಹೊದಿಸಬೇಡಿ. ನಾನೂ ಚೆಂದದ್ದೊಂದು ಹೆಣೆದು ಹಾಕಿದ್ದೆ, ಈಗ ತೆಗೆದೆ. ಅದರ ಮೇಲ್ಮೈಯ ಸೀಳುಗಳಿಂದ ಬಿಸಿ ಹೊರಗೆ ಹೋಗಬೇಕು. ಮೇಲೆ ಒಂದು ಗೇಣು ಜಾಗ ಬಿಡಿ. ನಮ್ಮ ಬೀದರ ಜಿಲ್ಲೆಯ ಬೇಸಿಗೆಯಂತೂ ಹೇಳುವುದೇ ಬೇಡ. ಮುಚ್ಚಿದ ಕಪಾಟಿನಲ್ಲಿಟ್ಟರೆ ಅದು ಬಿಸಿಯಾಗಿ ತಾನೇ ಆರಿಹೋಗುತ್ತದೆ. ಆಟದ ಯಂತ್ರಕ್ಕೂ ಇದೇ ಮಾತು.

* ಕರೆಂಟು ಹೋಗಿ ಬರುವ ಊರುಗಳಲ್ಲಿ ಒಳ್ಳೆಯ ಸ್ಪೈಕ್ ಗಾರ್ಡ್ ಇರಲಿ. ಫ್ರಿಜ್ಜಿನ ಜೊತೆಗೆ ಒಂದೇ ಬೋರ್ಡಿಗೆ ಸಿಕ್ಕಿಸಬೇಡಿ. ಕರೆಂಟು ಹೋದ ಕೂಡಲೇ ಸ್ವಿಚ್ಚು ಆರಿಸಿ, ಬಂದ ಮೇಲೆ ಎರಡು ನಿಮಿಷ ತಡೆದು ಹಾಕಿ.

* ಚಿತ್ರ ಬಾರದಿದ್ದರೆ ಗಾಬರಿಯಾಗಬೇಡಿ. ಎಲ್ಲ ಆರಿಸಿ ಮೊದಲು ಟಿ.ವಿ., ಆಮೇಲೆ ರಿಸೀವರ್, ಕೊನೆಗೆ ಆಟದ ಯಂತ್ರ, ಈ ಕ್ರಮದಲ್ಲಿ ಹಾಕಿ. ಎಷ್ಟೋ ಸಲ ಇಷ್ಟಕ್ಕೇ ಸರಿಯಾಗುತ್ತದೆ.

* ತುಟಿ ಒಂದು ಕಡೆ, ಮಾತು ಒಂದು ಕಡೆ ಆದರೆ ರಿಸೀವರಿನ 'ಲಿಪ್ ಸಿಂಕ್' ಸೆಟ್ಟಿಂಗಿನಲ್ಲಿ ದನಿಯನ್ನು ಸ್ವಲ್ಪ ತಡವಾಗಿಸಬಹುದು. ಆಟಕ್ಕೆ ಮಾತ್ರ ಟಿ.ವಿ.ಯಲ್ಲಿ 'ಗೇಮ್ ಮೋಡ್' ಹಾಕಿ. ಇಲ್ಲವಾದರೆ ಗುಂಡಿ ಒತ್ತಿದ ಮೇಲೆ ಬೊಂಬೆ ತಡವಾಗಿ ಜಿಗಿಯುತ್ತದೆ, ಮಕ್ಕಳ ಸಿಟ್ಟು ನಮ್ಮ ಮೇಲೆ!

* ಪ್ರತಿ ವೈರಿನ ಎರಡೂ ತುದಿಗೆ ಚೀಟಿ ಅಂಟಿಸಿ. ಕನ್ನಡದಲ್ಲೇ ಬರೆಯಿರಿ. 'ಸೆಟ್‌ಟಾಪ್‌ನಿಂದ ಟಿ.ವಿ.ಗೆ', 'ಆಟದಿಂದ ರಿಸೀವರಿಗೆ'. ಜೋಡಿಸಿದವರು ಊರಲ್ಲಿ ಇಲ್ಲದಿದ್ದರೂ ಮನೆಯಲ್ಲಿದ್ದವರು ದಿಕ್ಕೆಡಬಾರದು.

ಕೊನೆಯ ಮಾತು ಬಹಳ ಮುಖ್ಯ ಅಂತ ನನಗೆ ಅನಿಸುತ್ತದೆ. ಮನೆಗೆ ಹೊಸ ಯಂತ್ರ ಬಂದಾಗ ಜೋಡಿಸುವವರು ತಮ್ಮ ಅನುಕೂಲ ನೋಡಿ ಜೋಡಿಸುತ್ತಾರೆ. ಅದನ್ನು ದಿನವೂ ಮುಟ್ಟುವವರು ಯಾರು, ಅವರಿಗೆ ಎಷ್ಟು ಗುಂಡಿ ಒತ್ತಲು ಆಗುತ್ತದೆ, ಇದನ್ನು ಮೊದಲೇ ಕೇಳಬೇಕಾದವರು ನಾವು. ದುಬಾರಿ ವಸ್ತು ಎಂದು "ಕೈ ಹಚ್ಚಬ್ಯಾಡ" ಅನ್ನುವುದು ಸುಲಭ. ಆದರೆ ಹಾಗೆ ಅಂದ ಮೇಲೆ ವಯಸ್ಸಾದವರು ಕೇಳುವುದನ್ನೇ ಬಿಟ್ಟುಬಿಡುತ್ತಾರೆ. ಅಂದು ಆ ಮಾತು ಅಂದವನು ಮಗ, ನಿಜ. ಆದರೆ ಮಿಕ್ಸರಿಗೆ, ವಾಷಿಂಗ್ ಮೆಷಿನ್ನಿಗೆ, ಗ್ಯಾಸ್ ಒಲೆಗೆ ಅದೇ ಮಾತನ್ನು ನಾನೇ ಅತ್ತಿಗೆ ಎಷ್ಟು ಸಲ ಅಂದಿದ್ದೆನೋ!

ಈಗ ನಮ್ಮ ಟಿ.ವಿ.ಯ ಪಕ್ಕದಲ್ಲಿ ಒಂದು ರಟ್ಟು ತೂಗುಹಾಕಿದ್ದೇನೆ. ದಪ್ಪ ಅಕ್ಷರದಲ್ಲಿ ಎರಡೇ ಸಾಲು. 'ಕರಿ ರಿಮೋಟ್, ಕೆಂಪು ಗುಂಡಿ: ಟಿ.ವಿ. ಬಿಳಿ ರಿಮೋಟ್, ಕೆಂಪು ಗುಂಡಿ: ಸೆಟ್‌ಟಾಪ್.' ಗುಂಡಿ ಬೆರಳಿಗೆ ಗೊತ್ತಾಗಲೆಂದು ಅದರ ಪಕ್ಕ ಒಂದೊಂದು ಕುಂಕುಮದ ಸ್ಟಿಕ್ಕರ್ ಅಂಟಿಸಿದ್ದೇನೆ. ಮೊದಲ ದಿನ ಅತ್ತಿ ನನ್ನ ಮುಖ ನೋಡಿದರು. "ಒತ್ತರಿ ಅತ್ತಿ. ಕೆಟ್ಟರ ನಾ ಇದ್ದೀನಿ, ಸುದ್ದ ಮಾಡ್ತೀನಿ" ಅಂದೆ. ಒತ್ತಿದರು. ಚಿತ್ರ ಬಂತು.

ಈಗ ಕಾಲಿನ ಬಾವು ಇಳಿದಿದೆ. ಹೋದ ವಾರ ಪಕ್ಕದ ಮನೆಯಾಕೆ ಬಂದು, "ನಮ್ಮ ಟಿ.ವಿ. ನೀಲಿ ಆಗಿ ನಿಂತಾದ, ಅಕ್ಕಾ" ಅಂದರು. ನಾನು ರೊಟ್ಟಿ ಹಂಚಿನ ಮುಂದೆ ಇದ್ದೆ. ಒಳಗಿನಿಂದ ಅತ್ತಿಯೇ ಹೇಳಿದರು: "ಕೆಟ್ಟಿರಂಗಿಲ್ಲ ತಗೋ. ನಡುವಿನ ಡಬ್ಬಿ ಆರ್ಯಾದೇನು ನೋಡವ್ವಾ."

ಮುಂದಿನ ಸಂಚಿಕೆಯಲ್ಲಿ ನಮ್ಮ ಕಡೆಯ ಎಳ್ಳ ಅಮವಾಸ್ಯೆಯ ಭಜ್ಜಿ ಮಾಡುವ ಬಗೆ ಬರೆಯುತ್ತೇನೆ. ಅದರಲ್ಲಿ ವೈರಿಲ್ಲ, ಹೆದರಬೇಡಿ.